ಬುಲೆಟ್ 350: ಘಾಟಿ ಇಳಿಯುವಾಗ ಸೈಲೆನ್ಸರ್‌ನಲ್ಲಿ ಪಟಪಟ, ಸಿಗ್ನಲ್‌ನಲ್ಲಿ ಆಫ್. ಮೇನ್ ಜೆಟ್ ಬದಲಿಸಬೇಕಾ?

ಗುಡುಗುಡು98

ಎಲ್ಲರಿಗೂ ನಮಸ್ಕಾರ. ಗಾಡಿ 1998ರ ಬುಲೆಟ್ ಸ್ಟ್ಯಾಂಡರ್ಡ್ 350. ಹಳೇ ಕ್ಯಾಸ್ಟ್ ಐರನ್ ಇಂಜಿನ್, ಸಿಬಿ ಪಾಯಿಂಟ್ (ಪ್ಲಗ್‌ಗೆ ಕಿಡಿ ಕೊಡಿಸುವ ಸ್ವಿಚ್), ಮಿಕ್‌ಕಾರ್ಬ್ ವಿಎಂ24 ಕಾರ್ಬೊರೇಟರ್ (ಪೆಟ್ರೋಲನ್ನು ಗಾಳಿಗೆ ಬೆರೆಸುವ ಭಾಗ). ಊರು ಚಿಕ್ಕಮಗಳೂರು, ಕೆಲಸದ ಮೇಲೆ ಆಗಾಗ ಚಾರ್ಮಾಡಿ ಇಳಿದು ಮಂಗಳೂರಿಗೆ ಹೋಗುತ್ತೇನೆ.

ಸಮಸ್ಯೆ ಹೀಗಿದೆ. ಆಕ್ಸಿಲರೇಟರ್ ಬಿಟ್ಟರೂ ಇಂಜಿನ್ ವೇಗ ತಕ್ಷಣ ಕೆಳಗೆ ಇಳಿಯುವುದಿಲ್ಲ, ಸ್ವಲ್ಪ ಹೊತ್ತು ಮೇಲೇ ನಿಂತಿರುತ್ತದೆ. ಘಾಟಿ ಇಳಿಯುವಾಗ ಸೈಲೆನ್ಸರ್‌ನಲ್ಲಿ ಪಟಪಟ ಸದ್ದು. ಬಿಸಿಯಾದ ಮೇಲೆ ಸಿಗ್ನಲ್‌ನಲ್ಲಿ ನಿಂತರೆ ಆಫ್ ಆಗುತ್ತದೆ, ಐಡ್ಲಿಂಗ್ ಏರಿಸಿದರೆ ಕೂಗುತ್ತದೆ. ಐವತ್ತು ಅರವತ್ತರಲ್ಲಿ ಓಡುವಾಗ ಮಾತ್ರ ಏನೂ ತೊಂದರೆ ಇಲ್ಲ. ಪ್ಲಗ್ ತೆಗೆದು ನೋಡಿದರೆ ಬಿಳಿ.

ಒಬ್ಬ ಮೆಕ್ಯಾನಿಕ್ 'ಈಗ ಬರೋದೆಲ್ಲ ಇ20 (ಶೇಕಡಾ 20 ಎಥನಾಲ್ ಬೆರೆಸಿದ) ಪೆಟ್ರೋಲ್, ಮೇನ್ ಜೆಟ್ (ಕಾರ್ಬೊರೇಟರ್‌ನಲ್ಲಿ ಪೆಟ್ರೋಲ್ ಹರಿಯುವ ಮುಖ್ಯ ತೂತು) ದೊಡ್ಡದು ಹಾಕಲೇಬೇಕು' ಎಂದರು. ಇನ್ನೊಬ್ಬರು ಮೈಲೇಜ್ ಬರಲಿ ಅಂತ ಏರ್ ಸ್ಕ್ರೂ (ಕಾರ್ಬೊರೇಟರ್‌ಗೆ ಗಾಳಿ ಬಿಡುವ ಸ್ಕ್ರೂ) ಸಡಿಲ ಮಾಡಿ ಕಳಿಸಿದರು. ಯಾರ ಮಾತು ಕೇಳಲಿ?

ಕಿಕ್ಕರ್‌ಕಾಕಾ (ಹುಬ್ಬಳ್ಳಿ)

ಯಾರ ಮಾತೂ ಕೇಳಬೇಡ್ರೀ ತಮ್ಮಾ. ಮೊದಲು ಇಂಜಿನ್ ಏನು ಹೇಳುತ್ತದೆ ಕೇಳ್ರಿ.

ನೀವು ಬರೆದದ್ದರಲ್ಲೇ ಅರ್ಧ ಉತ್ತರ ಇದೆ. ತೊಂದರೆ ಇರುವುದು ಆಕ್ಸಿಲರೇಟರ್ ಮುಚ್ಚಿದಾಗ. ತೆರೆದಾಗ ಗಾಡಿ ಚೆನ್ನಾಗಿದೆ. ಮೇನ್ ಜೆಟ್‌ನ ಕೆಲಸ ಶುರುವಾಗುವುದು ಮುಕ್ಕಾಲು ಆಕ್ಸಿಲರೇಟರ್ ದಾಟಿದ ಮೇಲೆ. ಅದನ್ನು ಎಷ್ಟು ದೊಡ್ಡದು ಹಾಕಿದರೂ ಸಿಗ್ನಲ್‌ನಲ್ಲಿ ಆಫ್ ಆಗುವುದು ನಿಲ್ಲುವುದಿಲ್ಲ.

ಕಾರ್ಬೊರೇಟರ್ ಒಳಗೆ ಒಂದೊಂದು ಭಾಗಕ್ಕೆ ಒಂದೊಂದು ಹೊತ್ತಿನ ಪಾಳಿ. ಐಡ್ಲಿಂಗ್‌ನಿಂದ ಹೆಚ್ಚುಕಡಿಮೆ ಎಂಟನೇ ಒಂದು ಭಾಗ ತೆರೆಯುವವರೆಗೆ ಪೈಲಟ್ ಜೆಟ್ ಅನ್ನುವ ಸಣ್ಣ ಜೆಟ್ ಮತ್ತು ಏರ್ ಸ್ಕ್ರೂ. ಅಲ್ಲಿಂದ ಕಾಲು ಭಾಗದ ಆಚೀಚೆ ಸ್ಲೈಡ್‌ನ (ಆಕ್ಸಿಲರೇಟರ್ ತಿರುಗಿಸಿದಾಗ ಮೇಲೇಳುವ ಬಾಗಿಲು) ಕೆಳಗೆ ಓರೆಯಾಗಿ ಕತ್ತರಿಸಿರುತ್ತಾರಲ್ಲ, ಆ ಕಟ್. ಕಾಲಿನಿಂದ ಮುಕ್ಕಾಲಿನವರೆಗೆ ನೀಡಲ್, ಅಂದರೆ ಸ್ಲೈಡ್ ಜೊತೆ ಏರಿಳಿಯುವ ಸೂಜಿ. ಆಮೇಲೆ ಮೇನ್ ಜೆಟ್. ಗೆರೆ ಎಳೆದ ಹಾಗೆ ಬೇರೆ ಇರುವುದಿಲ್ಲ, ಒಂದರ ಮೇಲೊಂದು ಬರುತ್ತವೆ. ಆದರೂ ತೊಂದರೆ ಎಲ್ಲಿದೆ ಅಂತ ಹುಡುಕಲು ಇಷ್ಟು ಸಾಕು. ಆಕ್ಸಿಲರೇಟರ್ ಗ್ರಿಪ್‌ಗೆ ಬಿಳಿ ಟೇಪ್ ಸುತ್ತಿ ಕಾಲು, ಅರ್ಧ, ಮುಕ್ಕಾಲು ಅಂತ ಪೆನ್ನಲ್ಲಿ ಗುರುತು ಹಾಕಿಕೊಳ್ಳಿ. ಎಲ್ಲರೂ ಸ್ಪೀಡೋಮೀಟರ್ ನೋಡಿ 'ಅರವತ್ತರಲ್ಲಿ ಮಿಸ್ಸಿಂಗ್' ಅಂತಾರೆ. ಕಾರ್ಬೊರೇಟರ್‌ಗೆ ಅರವತ್ತು ಎಪ್ಪತ್ತು ಗೊತ್ತಿಲ್ರೀ. ಸ್ಲೈಡ್ ಎಷ್ಟು ಮೇಲೆದ್ದಿದೆ ಅನ್ನುವುದಷ್ಟೇ ಗೊತ್ತು.

ಮಂಗ್ಳೂರ್‌ಪಂಪು

ಕಾಕಾ ಹೇಳಿದ್ದು ಸರಿ. ಆದರೆ ಇ20 ವಿಷಯ ಪೂರ್ತಿ ತಳ್ಳಿಹಾಕುವ ಹಾಗಿಲ್ಲ ಮಾರಾಯ್ರೇ. ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ತೂಕದ ಲೆಕ್ಕದಲ್ಲಿ 1 ಪಾಲಿಗೆ 14.7 ಪಾಲು ಗಾಳಿ ಬೇಕು. ಎಥನಾಲ್‌ಗೆ ಸುಮಾರು 9 ಸಾಕು. ಶೇಕಡಾ 20 ಎಥನಾಲ್ ಬೆರೆತರೆ ಅದು ಹತ್ತಿರಹತ್ತಿರ 13.5 ಆಗುತ್ತದೆ. ಫ್ಯುಯೆಲ್ ಇಂಜೆಕ್ಷನ್ ಗಾಡಿಯಾದರೆ ಸೈಲೆನ್ಸರ್ ಪೈಪ್‌ನಲ್ಲಿರುವ ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಜಾಸ್ತಿ ಪೆಟ್ರೋಲ್ ಬಿಡುತ್ತದೆ. 1998ರ ಬುಲೆಟ್‌ಗೆ ಅದೆಲ್ಲ ಎಲ್ಲಿದೆ? ಜೆಟ್‌ನ ತೂತು ಅಷ್ಟೇ. ಹಾಗಾಗಿ ಅದೇ ಜೆಟ್‌ನಲ್ಲಿ ಗಾಡಿ ಲೀನ್ ಆಗಿ ಓಡುತ್ತದೆ, ಅಂದರೆ ಮಿಕ್ಸ್ಚರ್‌ನಲ್ಲಿ ಪೆಟ್ರೋಲ್ ಕಡಿಮೆ, ಗಾಳಿ ಜಾಸ್ತಿ. ಎಥನಾಲ್ ಇಲ್ಲದ ಪೆಟ್ರೋಲ್‌ಗೆ ಹೋಲಿಸಿದರೆ ಶೇಕಡಾ 8ರಷ್ಟು ಲೀನ್.

ಜೊತೆಗೆ ಘಾಟಿ. ಚಿಕ್ಕಮಗಳೂರು ಸಮುದ್ರಮಟ್ಟದಿಂದ ಸಾವಿರ ಮೀಟರ್‌ಗೂ ಮೇಲೆ. ಅಲ್ಲಿ ಗಾಳಿ ನಮ್ಮ ಮಂಗಳೂರಿಗಿಂತ ಸುಮಾರು ಹತ್ತನೇ ಒಂದು ಪಾಲು ತೆಳು. ನೀವು ಅಲ್ಲಿ ಟ್ಯೂನ್ ಮಾಡಿ ಇಲ್ಲಿಗೆ ಇಳಿದರೆ ಗಾಳಿ ದಪ್ಪ, ಮಿಕ್ಸ್ಚರ್ ಇನ್ನೂ ಲೀನ್.

ಸ್ಪ್ಯಾನರ್‌ಅಕ್ಕ

ಪಂಪು ಅವರ ಲೆಕ್ಕ ಸರಿ ಇದೆ, ಒಂದೇ ತಿದ್ದುಪಡಿ. ಗಾಳಿ ಹತ್ತು ಶೇಕಡಾ ದಪ್ಪ ಆದರೆ ಮಿಕ್ಸ್ಚರ್ ಹತ್ತು ಶೇಕಡಾ ಲೀನ್ ಆಗುವುದಿಲ್ಲ. ದಪ್ಪ ಗಾಳಿ ಪೆಟ್ರೋಲನ್ನೂ ಜಾಸ್ತಿ ಎಳೆಯುತ್ತದಲ್ಲ. ವ್ಯತ್ಯಾಸ ಅರ್ಧದಷ್ಟು, ಅಂದರೆ ಶೇಕಡಾ 5ರ ಆಸುಪಾಸು. ಅದಕ್ಕೇ ಬೆಂಗಳೂರಿನ ಗಾಡಿಗಳು ಜೆಟ್ ಬದಲಿಸದೆ ಕರಾವಳಿಗೆ ಹೋಗಿ ಆರಾಮಾಗಿ ಬರುತ್ತವೆ. ಲಡಾಖ್‌ನ ಖರ್ದುಂಗ್ ಲಾ ಘಾಟಿ ಬೇರೆ ಮಾತು. ಅಲ್ಲಿ 5,359 ಮೀಟರ್, ಗಾಳಿ ಅರ್ಧಕ್ಕೆ ಹತ್ತಿರ ಬಂದಿರುತ್ತದೆ, ಕಾರ್ಬೊರೇಟರ್ ಗಾಡಿಗಳು ರಿಚ್ (ಪೆಟ್ರೋಲ್ ಜಾಸ್ತಿ) ಆಗಿ ಕಪ್ಪು ಹೊಗೆ ಬಿಟ್ಟು ಏದುಸಿರು ಬಿಡುತ್ತವೆ.

ಈಗ ಗುಡುಗುಡು ಅವರಿಗೆ. ಇ20, ಎತ್ತರ ಎರಡೂ ಸೇರಿದರೂ ಇಷ್ಟು ರಂಪ ಮಾಡುವುದಿಲ್ಲ. ಆಕ್ಸಿಲರೇಟರ್ ಬಿಟ್ಟ ಮೇಲೂ ಇಂಜಿನ್ ಮೇಲೇ ನಿಲ್ಲುತ್ತದೆ ಅಂದಿರಿ. ಅದನ್ನು ಓದಿದ ಕೂಡಲೇ ನನಗೆ ಅನುಮಾನ ಬಂದದ್ದು ಏರ್ ಲೀಕ್ ಮೇಲೆ. ಕಾರ್ಬೊರೇಟರ್ ದಾಟಿದ ಮೇಲೆ ಎಲ್ಲೋ ಕಳ್ಳದಾರಿಯಲ್ಲಿ ಗಾಳಿ ಒಳಗೆ ಹೋಗುತ್ತಿದೆ. ಸ್ಲೈಡ್ ಮುಚ್ಚಿದಾಗ ಒಳಗೆ ಎಳೆತ ಜಾಸ್ತಿ, ಆಗ ಆ ಸಣ್ಣ ಸಂದಿಯೇ ದೊಡ್ಡದಾಗುತ್ತದೆ. ಪೂರ್ತಿ ತೆರೆದಾಗ ಅದು ಲೆಕ್ಕಕ್ಕೇ ಬರುವುದಿಲ್ಲ. ನಿಮ್ಮ ಗಾಡಿ ಓಡುವಾಗ ಚೆನ್ನಾಗಿರುವುದಕ್ಕೂ ಇದು ಹೊಂದುತ್ತದೆ.

ಕಾರ್ಬೊರೇಟರ್ ಮುಟ್ಟುವ ಮೊದಲು ಇವನ್ನು ನೋಡಿ. ಟ್ಯಾಪೆಟ್ (ವಾಲ್ವ್ ತೆರೆಸುವ ಭಾಗಗಳ ಸಂದಿ): ಇಂಜಿನ್ ತಣ್ಣಗಿರುವಾಗ, ಪಿಸ್ಟನ್ ಕಂಪ್ರೆಶನ್‌ನ ತುದಿಯಲ್ಲಿರಬೇಕು. ಪುಶ್‌ರಾಡ್ ಬೆರಳಲ್ಲಿ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಆಡಬಾರದು. ಸಿಬಿ ಪಾಯಿಂಟ್ ಗ್ಯಾಪ್: 0.35ರಿಂದ 0.40 ಮಿಲಿಮೀಟರ್. ಟೈಮಿಂಗ್ ಹಿಂದೆ ಬಿದ್ದಿದ್ದರೂ ಸೈಲೆನ್ಸರ್‌ನಲ್ಲಿ ಪಟಪಟ ಬರುತ್ತದೆ, ಜನ ಕಾರ್ಬೊರೇಟರ್ ಬೈಯುತ್ತಾರೆ. ಸೈಲೆನ್ಸರ್ ಬೆಂಡ್ ಪೈಪ್ ಹೆಡ್‌ಗೆ ಸೇರುವ ಜಾಗ ಸಡಿಲ ಇದ್ದರೂ ಅಷ್ಟೇ, ಹೊರಗಿನ ಗಾಳಿ ಎಳೆದುಕೊಂಡು ಒಳಗೆ ಉಳಿದ ಪೆಟ್ರೋಲ್ ಆವಿ ಸಿಡಿಯುತ್ತದೆ. ಏರ್ ಫಿಲ್ಟರ್ ಕೂಡ ನೋಡಿ.

ಇವೆಲ್ಲ ಸರಿ ಇದ್ದರೆ ಲೀಕ್ ಹುಡುಕಿ. ಇಂಜಿನ್ ಐಡ್ಲಿಂಗ್‌ನಲ್ಲಿ ಓಡುತ್ತಿರಲಿ. ಕಾರ್ಬೊರೇಟರ್ ಹೆಡ್‌ಗೆ ಕೂರುವ ಸಂದಿಗೆ ಸೋಪಿನ ನೀರನ್ನು ಸ್ಪ್ರೇ ಮಾಡಿ. ಒಂದು ಕ್ಷಣ ಸದ್ದು ಬದಲಾದರೆ ಅಲ್ಲೇ ಲೀಕ್. ಕಾರ್ಬ್ ಕ್ಲೀನರ್‌ನಲ್ಲೂ ಮಾಡುತ್ತಾರೆ, ಅದು ಇನ್ನೂ ಚೆನ್ನಾಗಿ ತೋರಿಸುತ್ತದೆ. ಆದರೆ ಬಿಸಿ ಹೆಡ್, ಪಾಯಿಂಟ್ ಕಿಡಿ ಎಲ್ಲ ಪಕ್ಕದಲ್ಲೇ ಇರುತ್ತವೆ. ಬೆಂಕಿ ಹತ್ತಿದರೆ ಬುಲೆಟ್ ಜೊತೆ ಶೆಡ್ಡೂ ಹೋಗುತ್ತದೆ. ಬಯಲಲ್ಲಿ ಮಾಡಿ, ಜಾಸ್ತಿ ಹೊಡೆಯಬೇಡಿ.

ಘಾಟಿಸವಾರ

ಅಷ್ಟೆಲ್ಲ ಬೇಕಾ ಅಕ್ಕಾ? ನಮ್ಮ ಕಡೆ ಏರ್ ಸ್ಕ್ರೂ ಒಂದೂವರೆ ಸುತ್ತು ಬಿಚ್ಚಿ ಬಿಡ್ತಾರೆ, ಮುಗೀತು. ಮೈಲೇಜ್ ಬೇಕಂದ್ರೆ ಎರಡೂವರೆ.

ಸ್ಪ್ಯಾನರ್‌ಅಕ್ಕ

ಒಂದೂವರೆ ಅನ್ನುವುದು ಶುರು ಮಾಡುವ ಜಾಗ, ಮುಗಿಸುವ ಜಾಗ ಅಲ್ಲ.

ಏರ್ ಸ್ಕ್ರೂನಿಂದ ಮೈಲೇಜ್ ಬರುತ್ತದೆ ಅನ್ನುವುದು ಗ್ಯಾರೇಜ್‌ಗಳ ಹಳೇ ಕಥೆ. ಊರಿಂದೂರಿಗೆ ಐವತ್ತರಲ್ಲಿ ಹೋಗುವಾಗ ಪೆಟ್ರೋಲ್ ಅಳೆದು ಕೊಡುವುದು ನೀಡಲ್. ಆಗ ಏರ್ ಸ್ಕ್ರೂ ಮಾತು ಹೆಚ್ಚು ನಡೆಯುವುದಿಲ್ಲ. ಏರ್ ಸ್ಕ್ರೂ ಬಿಚ್ಚಿ ಲೀನ್ ಮಾಡಿದರೆ ಸಿಗ್ನಲ್‌ನಲ್ಲಿ ಉಳಿಯುವ ಪೆಟ್ರೋಲ್ ನಾಲ್ಕು ಹನಿ. ಆಫ್ ಆಗಿ ಆಗಿ ಕಿಕ್ ಹೊಡೆಯುವಾಗ ಅದೂ ಹೋಗುತ್ತದೆ.

ಘಾಟಿಸವಾರ

ನನ್ನ ಪಲ್ಸರ್‌ನಲ್ಲಿ ಸ್ಕ್ರೂ ಬಿಚ್ಚಿದರೆ ರಿಚ್ ಆಗುತ್ತೆ, ಲೀನ್ ಅಲ್ಲ. ನೀವು ಉಲ್ಟಾ ಹೇಳ್ತಿದ್ದೀರಿ.

ಕಿಕ್ಕರ್‌ಕಾಕಾ (ಹುಬ್ಬಳ್ಳಿ)

ಇಬ್ಬರೂ ಸರಿ ಇದ್ದೀರಿ. ಸ್ಕ್ರೂ ಎಲ್ಲಿದೆ ಅಂತ ನೋಡ್ರಿ. ಸ್ಲೈಡ್‌ಗಿಂತ ಏರ್ ಫಿಲ್ಟರ್ ಕಡೆ ಇದ್ದರೆ ಅದು ಏರ್ ಸ್ಕ್ರೂ, ಗಾಳಿಯನ್ನು ಬಿಡುತ್ತದೆ. ಬಿಚ್ಚಿದರೆ ಲೀನ್, ಬಿಗಿ ಮಾಡಿದರೆ ರಿಚ್. ಬುಲೆಟ್‌ನ ವಿಎಂ24, ಆರ್‌ಎಕ್ಸ್100ರ ಕಾರ್ಬೊರೇಟರ್ ಈ ಜಾತಿ. ಸ್ಲೈಡ್‌ಗಿಂತ ಇಂಜಿನ್ ಕಡೆ ಇದ್ದರೆ ಅದು ಪೆಟ್ರೋಲ್ ಬೆರೆತ ಮಿಶ್ರಣವನ್ನೇ ಬಿಡುತ್ತದೆ. ಬಿಚ್ಚಿದರೆ ರಿಚ್. ನಿಮ್ಮ ಪಲ್ಸರ್ ಎರಡನೇ ಜಾತಿ. ಇದೊಂದು ಗೊತ್ತಿಲ್ಲದೆ ಎಷ್ಟು ಗಾಡಿ ಹಾಳಾಗಿವೆ ಅಂದರೆ ಹೇಳತೀರದು.

ಇನ್ನೊಂದು ಮಾತು. ಸ್ಕ್ರೂ ಒಳಗೆ ತಾಗುವವರೆಗೆ ತಿರುಗಿಸುವಾಗ ಬೆರಳ ತುದಿಯ ಬಲ ಸಾಕು. ಸ್ಕ್ರೂ ಡ್ರೈವರ್‌ಗೆ ಮೈಭಾರ ಹಾಕಿದರೆ ಸೂಜಿಮೊನೆ ಬಾಗುತ್ತದೆ, ಇಲ್ಲವೇ ಅದು ಕೂರುವ ತೂತು ಅಗಲ ಆಗುತ್ತದೆ. ಆಮೇಲೆ ಅದನ್ನು ಯಾವ ದೇವರೂ ಟ್ಯೂನ್ ಮಾಡಲಾರ.

ಎರಡ್‌ಸ್ಟ್ರೋಕ್‌ಹುಡುಗ

ಕಾಕಾ, ಆರ್‌ಎಕ್ಸ್100 ಹೆಸರು ಬಂತು ಅಂತ ಕೇಳ್ತಿದ್ದೀನಿ. ನಂದೂ ಬಿಳಿ ಪ್ಲಗ್. ಆದರೆ ಪಿಕಪ್ ಸಖತ್ತಾಗಿದೆ. ಹಂಗೇ ಬಿಡಬಹುದಾ?

ಕಿಕ್ಕರ್‌ಕಾಕಾ (ಹುಬ್ಬಳ್ಳಿ)

ಬಿಡಬೇಡ್ರಿ. ಸ್ವಲ್ಪ ಲೀನ್ ಆದಾಗ ಟೂ ಸ್ಟ್ರೋಕ್ ಒಳ್ಳೇ ಚುರುಕಾಗುತ್ತದೆ, ಅದೇ ಮೋಸ. ಪಿಸ್ಟನ್ ತಂಪಾಗಿಡುವ ಕೆಲಸದಲ್ಲಿ ಒಳಗೆ ಬರುವ ಪೆಟ್ರೋಲಿಗೂ ಪಾಲಿದೆ. ಉದ್ದ ರಸ್ತೆಯಲ್ಲಿ ಪೂರ್ತಿ ಆಕ್ಸಿಲರೇಟರ್ ಹಿಡಿದರೆ ಪಿಸ್ಟನ್ ಸಿಲಿಂಡರ್‌ನಲ್ಲೇ ಕಚ್ಚಿಕೊಂಡು ನಿಲ್ಲುತ್ತದೆ. ಟೂ ಸ್ಟ್ರೋಕ್ ಟ್ಯೂನ್ ಮಾಡುವಾಗ ಯಾವಾಗಲೂ ರಿಚ್ ಕಡೆಯಿಂದ ಶುರು ಮಾಡಿ ಕೆಳಗೆ ಬರಬೇಕು.

ಕ್ರ್ಯಾಂಕ್ ಸೀಲ್ ಕೂಡ ಪರೀಕ್ಷೆ ಮಾಡಿಸಿ. ಮ್ಯಾಗ್ನೆಟ್ ಕಡೆಯ ಸೀಲ್ ಹೋದರೆ ಗಾಳಿ ಎಳೆದು ಲೀನ್ ಆಗುತ್ತದೆ. ಕ್ಲಚ್ ಕಡೆಯದು ಹೋದರೆ ಗೇರ್ ಆಯಿಲ್ ಎಳೆದು ಬಿಳಿ ಹೊಗೆ ಬಿಡುತ್ತದೆ, ಆಯಿಲ್ ಮಟ್ಟ ಇಳಿಯುತ್ತಾ ಹೋಗುತ್ತದೆ.

ಯೆಜ್ಡಿ ಇಟ್ಟವರಿಗೂ ಒಂದು ಮಾತು. ಮೈಸೂರಿನ ಐಡಿಯಲ್ ಜಾವಾ ಗಾಡಿಗಳಲ್ಲಿ ಹೆಚ್ಚಿನವಕ್ಕೆ ಆಯಿಲನ್ನು ಟ್ಯಾಂಕ್‌ಗೇ ಹಾಕಬೇಕು. 'ಇಂಜಿನ್‌ಗೆ ಒಳ್ಳೇದು' ಅಂತ ಆಯಿಲ್ ಜಾಸ್ತಿ ಸುರಿದರೆ ಜೆಟ್ ಮೂಲಕ ಹೋಗುವುದರಲ್ಲಿ ಪೆಟ್ರೋಲಿನ ಪಾಲು ಕಡಿಮೆ ಆಗುತ್ತದೆ. ಅಂದರೆ ಆಯಿಲ್ ಜಾಸ್ತಿ ಆದಷ್ಟೂ ಮಿಕ್ಸ್ಚರ್ ಲೀನ್. ಬಹಳ ಜನ ನಂಬುವುದಿಲ್ಲ. ಅವರೇ ಘಾಟಿ ಇಳಿಯುವಾಗ ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಮೂರನೇ ಗೇರ್‌ನಲ್ಲಿ ಇಳಿಸುತ್ತಾರೆ. ಪೆಟ್ರೋಲ್ ಬರದಿದ್ದರೆ ಆಯಿಲೂ ಬರುವುದಿಲ್ಲ. ನಡುನಡುವೆ ಕ್ಲಚ್ ಹಿಡಿದು ಒಂದೆರಡು ಸಲ ಆಕ್ಸಿಲರೇಟರ್ ತಿರುಗಿಸಿ.

ಗುಡುಗುಡು98

ಎಲ್ಲರಿಗೂ ಧನ್ಯವಾದ. ಅಕ್ಕ ಹೇಳಿದ ಹಾಗೆ ಟ್ಯಾಪೆಟ್, ಪಾಯಿಂಟ್ ನೋಡಿದೆ, ಸರಿ ಇವೆ. ಆಮೇಲೆ ಸೋಪಿನ ನೀರು. ಕಾರ್ಬೊರೇಟರ್ ಹೆಡ್‌ಗೆ ಸೇರುವ ಕಡೆ, ಮೇಲ್ಭಾಗದಲ್ಲಿ ಹೊಡೆದ ಕೂಡಲೇ ಇಂಜಿನ್ ಸದ್ದು ತಗ್ಗಿತು, ಎರಡು ಕ್ಷಣ ಆದ ಮೇಲೆ ಮತ್ತೆ ಮೊದಲಿನ ಹಾಗೆ. ಮತ್ತೆ ಮತ್ತೆ ಮಾಡಿದರೂ ಹಾಗೇ. ಇದೇ ಲೀಕ್ ಅಲ್ವಾ?

ಸ್ಪ್ಯಾನರ್‌ಅಕ್ಕ

ಅದೇ. ಕಾರ್ಬೊರೇಟರ್ ಬಿಚ್ಚಿ ಫ್ಲಾಂಜ್ (ಹೆಡ್‌ಗೆ ತಾಗಿ ಕೂರುವ ಚಪ್ಪಟೆ ಮುಖ) ಮೇಲೆ ಸ್ಟೀಲ್ ಸ್ಕೇಲ್ ಅಡ್ಡ ಇಟ್ಟು ಬೆಳಕಿಗೆ ಹಿಡಿಯಿರಿ. ನಡುವೆ ಬೆಳಕು ಕಂಡರೆ ಫ್ಲಾಂಜ್ ಬಾಗಿದೆ. ಈ ಕಾರ್ಬೊರೇಟರ್‌ಗಳ ಮೈ ಮೆತ್ತಗಿನ ಲೋಹದ್ದು, ಎರಡು ನಟ್‌ನಲ್ಲಿ ಕೂರುತ್ತದೆ. ಲೀಕ್ ಆಗದಿರಲಿ ಅಂತ ಒಬ್ಬ ಬಿಗಿ ಮಾಡುತ್ತಾನೆ, ಮುಂದಿನ ಸರ್ವಿಸ್‌ನಲ್ಲಿ ಇನ್ನೊಬ್ಬ ಇನ್ನಷ್ಟು ಬಿಗಿ ಮಾಡುತ್ತಾನೆ, ಕೊನೆಗೆ ನಟ್ ಕೂರುವ ಎರಡೂ ಕಿವಿ ಹೆಡ್ ಕಡೆಗೆ ಬಾಗಿ ನಡುಭಾಗದಲ್ಲಿ ಸಂದಿ ಬೀಳುತ್ತದೆ. ಬಿಗಿ ಮಾಡಿದಷ್ಟೂ ಲೀಕ್ ಜಾಸ್ತಿ.

ರಿಪೇರಿ ಸುಲಭ. ದಪ್ಪ ಗಾಜಿನ ಮೇಲೆ 400 ನಂಬರ್ ವಾಟರ್ ಪೇಪರ್ ಇಡಿ, ನೀರು ಹಾಕಿ, ಫ್ಲಾಂಜನ್ನು ಎಂಟರ ಆಕಾರದಲ್ಲಿ ತಿಕ್ಕಿ. ಓ-ರಿಂಗ್ (ಸಂದಿ ಮುಚ್ಚುವ ರಬ್ಬರ್ ಬಳೆ) ತೆಗೆದಿಟ್ಟಿರಿ, ತೂತುಗಳನ್ನೆಲ್ಲ ಬಟ್ಟೆ ತುರುಕಿ ಮುಚ್ಚಿ. ಪೂರ್ತಿ ಒಂದೇ ಬಣ್ಣ ಬರುವವರೆಗೆ ತಿಕ್ಕಿದರೆ ಸಾಕು, ಓ-ರಿಂಗ್ ಕೂರುವ ತೋಡು ಆಳ ಕಳೆದುಕೊಳ್ಳಬಾರದು. ಹೊಸ ಓ-ರಿಂಗ್ ಹಾಕಿ. ನಟ್‌ಗಳನ್ನು ಆ ಕಡೆ ಈ ಕಡೆ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಹಿಡಿತ ಬಂದರೆ ನಿಲ್ಲಿಸಿ.

ಬಿಚ್ಚಿದ್ದೀರಲ್ಲ, ಪೈಲಟ್ ಜೆಟ್ಟನ್ನೂ ಬೆಳಕಿಗೆ ಹಿಡಿದು ನೋಡಿ. ಗುಂಡಗಿನ ತೂತು ಕಾಣಬೇಕು. ಕಟ್ಟಿದ್ದರೆ ಕಾರ್ಬ್ ಕ್ಲೀನರ್ ಮತ್ತು ಗಾಳಿ. ತಂತಿ ಹಾಕಿ ಚುಚ್ಚಬೇಡಿ. ಹಿತ್ತಾಳೆ ಅದು, ತೂತು ಅಗಲ ಆದರೆ ನಂಬರ್‌ಗೆ ಅರ್ಥ ಇಲ್ಲ.

ಮಂಗ್ಳೂರ್‌ಪಂಪು

ಫ್ಲೋಟ್ ಬೌಲ್ (ಕಾರ್ಬೊರೇಟರ್ ಅಡಿಯ ಪೆಟ್ರೋಲ್ ಬಟ್ಟಲು) ತಳದಲ್ಲಿ ಬಿಳಿ ಪುಡಿ, ಇಲ್ಲವೇ ನೀರಿನ ಗುಳ್ಳೆ ಇದೆಯಾ ನೋಡಿ. ಎಥನಾಲ್ ನೀರು ಎಳೆದುಕೊಳ್ಳುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ನೀರು ಜಾಸ್ತಿ ಸೇರಿದರೆ ಎಥನಾಲ್ ಮತ್ತು ನೀರು ಪೆಟ್ರೋಲಿಂದ ಬೇರೆಯಾಗಿ ತಳಕ್ಕೆ ಕೂರುತ್ತವೆ. ಆ ಪದರವೇ ಮೊದಲು ಜೆಟ್‌ಗೆ ಬರುವುದು. ಹಳೇ ರಬ್ಬರ್ ಪೈಪ್ ಉಬ್ಬಿದ್ದರೆ ಅದನ್ನೂ ಬದಲಿಸಿ. ಗಾಡಿಯನ್ನು ಹಾಗೆ ತಿಂಗಳುಗಟ್ಟಲೆ ನಿಲ್ಲಿಸುವ ಮೊದಲು ಪೆಟ್ರೋಲ್ ಕಾಕ್ ಮುಚ್ಚಿ, ಬೌಲ್ ಖಾಲಿಯಾಗಿ ತಾನೇ ಆಫ್ ಆಗುವವರೆಗೆ ಓಡಿಸಿ.

ಗುಡುಗುಡು98

ಫ್ಲಾಂಜ್ ಬಾಗಿತ್ತು! ಸ್ಕೇಲ್ ಅಡಿಯಲ್ಲಿ ಬೆಳಕು ಚೆನ್ನಾಗೇ ಕಾಣಿಸಿತು. ತಿಕ್ಕಿ, ಹೊಸ ಓ-ರಿಂಗ್ ಹಾಕಿ ಕೂರಿಸಿದೆ. ಇಂಜಿನ್ ಈಗ ಆಕ್ಸಿಲರೇಟರ್ ಬಿಟ್ಟ ಕೂಡಲೇ ಇಳಿಯುತ್ತದೆ. ಪೈಲಟ್ ಜೆಟ್ ಚೊಕ್ಕ ಇತ್ತು. ಇನ್ನು ಟ್ಯೂನಿಂಗ್ ಹೇಗೆ ಮಾಡಲಿ? ಗಾಡಿಯಲ್ಲಿ ಆರ್‌ಪಿಎಂ ಮೀಟರ್ ಇಲ್ಲ.

ಕಿಕ್ಕರ್‌ಕಾಕಾ (ಹುಬ್ಬಳ್ಳಿ)

ಕಿವಿ ಇದೆಯಲ್ರೀ.

ಮೊದಲು ಗಾಡಿಯನ್ನು ಹತ್ತು ಹದಿನೈದು ಕಿಲೋಮೀಟರ್ ಓಡಿಸಿ ಬಿಸಿ ಮಾಡಿ. ತಣ್ಣಗಿರುವಾಗ ಟ್ಯೂನ್ ಮಾಡಿದರೆ ಬಿಸಿಯಾದ ಮೇಲೆ ಎಲ್ಲ ರಿಚ್. ಚೋಕ್ ಪೂರ್ತಿ ಬಿಟ್ಟಿದೆಯಾ ನೋಡಿ. ಏರ್ ಸ್ಕ್ರೂ ಮೆತ್ತಗೆ ಒಳಗೆ ತಾಗಿಸಿ, ಒಂದೂವರೆ ಸುತ್ತು ಬಿಚ್ಚಿ. ಸ್ಲೈಡ್ ಎತ್ತಿ ಹಿಡಿಯುವ ದೊಡ್ಡ ಸ್ಕ್ರೂನಿಂದ ಐಡ್ಲಿಂಗ್ ಸ್ವಲ್ಪ ಮೇಲೆ ಇಡಿ.

ಈಗ ಏರ್ ಸ್ಕ್ರೂವನ್ನು ಕಾಲು ಸುತ್ತು ಒಳಗೆ ಹಾಕಿ, ಕಾಯಿರಿ. ಇಂಜಿನ್ ಉತ್ತರ ಕೊಡಲು ಐದಾರು ಸೆಕೆಂಡ್ ಬೇಕು, ಅವಸರ ಮಾಡಬೇಡಿ. ಆಮೇಲೆ ಬಿಚ್ಚುತ್ತಾ ಬನ್ನಿ. ಒಂದು ಕಡೆ ಸದ್ದು ಏರಿ ಸಮ ಆಗುತ್ತದೆ, ಅದನ್ನು ದಾಟಿದರೆ ಮತ್ತೆ ಕುಗ್ಗಿ ತಪ್ಪು ತಾಳ ಹಾಕುತ್ತದೆ. ಎಲ್ಲಕ್ಕಿಂತ ಮೇಲೆ ಏರಿದ ಜಾಗ ಹಿಡಿಯಿರಿ. ದೊಡ್ಡ ಸ್ಕ್ರೂ ಬಿಚ್ಚಿ ಐಡ್ಲಿಂಗ್ ಇಳಿಸಿ. ಮತ್ತೊಮ್ಮೆ ಏರ್ ಸ್ಕ್ರೂ ಆಚೀಚೆ ಮಾಡಿ ನೋಡಿ. ಕೊನೆಗೆ ಆ ಜಾಗದಿಂದ ಚೂರು ಒಳಗೆ, ಅಂದರೆ ರಿಚ್ ಕಡೆಗೆ ಬಿಡಿ. ಕರಾವಳಿಗೆ ಇಳಿಯುವ ಗಾಡಿಗೆ ಅಷ್ಟು ಬೇಕು.

ಸ್ಕ್ರೂ ಪೂರ್ತಿ ಒಳಗೆ ಹೋದಾಗಲೇ ಚೆನ್ನಾಗಿ ಓಡಿದರೆ ಪೈಲಟ್ ಜೆಟ್ ಸಣ್ಣದು, ಇಲ್ಲವೇ ಇನ್ನೂ ಲೀಕ್ ಇದೆ. ಮೂರು ಸುತ್ತು ಬಿಚ್ಚಿದರೂ ಸಾಲದಿದ್ದರೆ ಜೆಟ್ ದೊಡ್ಡದು. ಎಷ್ಟು ತಿರುಗಿಸಿದರೂ ಸದ್ದೇ ಬದಲಾಗದಿದ್ದರೆ ದಾರಿ ಕಟ್ಟಿದೆ.

ಘಾಟಿಸವಾರ

ಕಿವಿ ನಂಬದವರು ಎಮಿಷನ್ ಟೆಸ್ಟ್ ಮಾಡುವವರ ಹತ್ತಿರ ಹೋಗಿ. ಸೈಲೆನ್ಸರ್‌ಗೆ ಪೈಪ್ ಹಾಕಿ ಅಳೆಯುವುದು ಐಡ್ಲಿಂಗ್‌ನಲ್ಲೇ ತಾನೇ. ಜನ ಇಲ್ಲದ ಹೊತ್ತಲ್ಲಿ ಹೋಗಿ ಕೇಳಿದರೆ ಸ್ಕ್ರೀನ್ ನೋಡುತ್ತಾ ಸ್ಕ್ರೂ ತಿರುಗಿಸಲು ಬಿಡುತ್ತಾರೆ. ಕಾರ್ಬನ್ ಮೊನಾಕ್ಸೈಡ್ ಏರಿದರೆ ರಿಚ್, ಇಳಿದರೆ ಲೀನ್. 2000ದ ಮಾರ್ಚ್‌ಗಿಂತ ಮೊದಲಿನ ಗಾಡಿಗೆ ಶೇಕಡಾ 4.5ರವರೆಗೆ ಬಿಡುತ್ತಾರೆ. ಚೆನ್ನಾಗಿ ಟ್ಯೂನ್ ಆದದ್ದು ಅದಕ್ಕಿಂತ ಎಷ್ಟೋ ಕೆಳಗೇ ಇರುತ್ತದೆ.

ಸ್ಪ್ಯಾನರ್‌ಅಕ್ಕ

ಇದು ನಿಜಕ್ಕೂ ಒಳ್ಳೇ ಉಪಾಯ. ಸ್ಕ್ರೀನ್‌ನಲ್ಲಿ ಹೈಡ್ರೋಕಾರ್ಬನ್ ಅಂಕಿಯನ್ನೂ ನೋಡಿ. ಮೊನಾಕ್ಸೈಡ್ ಕಡಿಮೆ ಇದ್ದು ಹೈಡ್ರೋಕಾರ್ಬನ್ ಜಿಗಿದರೆ ಲೀನ್ ಆಗಿ ಮಿಸ್ ಹೊಡೆಯುತ್ತಿದೆ ಅಂತ ಅರ್ಥ.

ಗುಡುಗುಡು98

ಏರ್ ಸ್ಕ್ರೂ ಒಂದೂಮುಕ್ಕಾಲು ಸುತ್ತಿಗೆ ಬಂದು ನಿಂತಿತು. ಐಡ್ಲಿಂಗ್ ಈಗ ಗಡಿಯಾರ. ಘಾಟಿಯಲ್ಲಿ ಪಟಪಟ ಹೋಯಿತು, ಅಪರೂಪಕ್ಕೆ ಒಂದೆರಡು ಕೇಳಿಸುತ್ತದೆ. ಒಂದೇ ಉಳಿದಿದೆ. ಟೇಪ್ ಗುರುತಿನ ಪ್ರಕಾರ ಕಾಲಿನಿಂದ ಅರ್ಧಕ್ಕೆ ಹೋಗುವಾಗ, ಅದೂ ಮಂಗಳೂರು ಕಡೆ, ಸ್ವಲ್ಪ ಮಂಕು. ಚೋಕ್ ಅರ್ಧ ಎಳೆದರೆ ಸರಿ ಹೋಗುತ್ತದೆ. ಇದಾ ಇ20?

ಮಂಗ್ಳೂರ್‌ಪಂಪು

ಅದೇ ಇರಬಹುದು ನೋಡಿ. ಚೋಕ್ ಎಳೆದರೆ ಸರಿ ಹೋಗುತ್ತದೆ ಅಂದರೆ ಲೀನ್ ಎಂದೇ ಲೆಕ್ಕ. ಮೇನ್ ಜೆಟ್ ಮುಟ್ಟಬೇಡಿ, ನೀಡಲ್ ಏರಿಸಿ. ನೀಡಲ್ ತಲೆಯಲ್ಲಿ ಗೆರೆಗಳಿವೆ, ಒಂದರಲ್ಲಿ ಸಣ್ಣ ಕ್ಲಿಪ್ ಕೂತಿದೆ. ಕ್ಲಿಪ್ಪನ್ನು ಒಂದು ಗೆರೆ ಕೆಳಗೆ ಹಾಕಿ. ಕ್ಲಿಪ್ ಕೆಳಗೆ ಬಂದರೆ ನೀಡಲ್ ಮೇಲೇರುತ್ತದೆ, ರಿಚ್ ಆಗುತ್ತದೆ. ಕ್ಲಿಪ್ ಹಾರಿ ಹೋದರೆ ಹುಡುಕಿ ಸಿಗುವುದಿಲ್ಲ, ಕೆಳಗೆ ಬಟ್ಟೆ ಹಾಸಿಕೊಳ್ಳಿ.

ನಂತರ ಹೊಸ ಪ್ಲಗ್ ಹಾಕಿ ಅರ್ಧ ಆಕ್ಸಿಲರೇಟರ್‌ನಲ್ಲಿ ನಾಲ್ಕೈದು ಕಿಲೋಮೀಟರ್ ಓಡಿಸಿ. ಖಾಲಿ ರಸ್ತೆ ನೋಡಿಕೊಂಡು ಕ್ಲಚ್ ಹಿಡಿದು ಇಂಜಿನ್ ಆಫ್ ಮಾಡಿ, ಪಕ್ಕಕ್ಕೆ ನಿಲ್ಲಿಸಿ ಪ್ಲಗ್ ಬಿಚ್ಚಿ ನೋಡಿ. ಐಡ್ಲಿಂಗ್‌ನಲ್ಲಿ ನಿಲ್ಲಿಸಿ ಆಮೇಲೆ ಬಿಚ್ಚಿದರೆ ಐಡ್ಲಿಂಗ್‌ನ ಬಣ್ಣವೇ ಕಾಣುತ್ತದೆ. ಹಳೆಯವರು ಹೇಳುವ ಕಾಫಿ ಕಂದು ಈಗಿನ ಪೆಟ್ರೋಲಲ್ಲಿ ಬರುವುದಿಲ್ಲ. ತಿಳಿ ಬೂದು ಬಂದರೆ ಸಾಕು. ಸುಣ್ಣದ ಹಾಗೆ ಬಿಳಿ, ಮೇಲೆ ಸಣ್ಣ ಕಾಳುಗಳು ಕಂಡರೆ ಮಾತ್ರ ಹೆದರಿ.

ಎರಡ್‌ಸ್ಟ್ರೋಕ್‌ಹುಡುಗ

ಮೇನ್ ಜೆಟ್ ತಗೊಳ್ಳೋದಾದ್ರೆ ನಂಬರ್ ಲೆಕ್ಕ ಹೇಗೆ? ಬೆಂಗಳೂರಿನ ಜೆ.ಸಿ. ರಸ್ತೆಯ ಸ್ಪೇರ್ ಪಾರ್ಟ್ಸ್ ಅಂಗಡಿಗಳಲ್ಲಿ ಕೇಳಿದ್ರೆ 'ಯಾವ್ದಾದ್ರೂ ಹಾಕಿ ಸಾರ್' ಅಂತಾರೆ.

ಸ್ಪ್ಯಾನರ್‌ಅಕ್ಕ

ಮಿಕುನಿ, ಕೇಹಿನ್ ಎರಡು ಕಾರ್ಬೊರೇಟರ್ ಕಂಪನಿಗಳು. ಮಿಕುನಿಯಲ್ಲಿ ಸಾಮಾನ್ಯವಾಗಿ ನಂಬರ್ ಅಂದರೆ ಎಷ್ಟು ಪೆಟ್ರೋಲ್ ಹರಿಯುತ್ತದೆ ಅನ್ನುವ ಲೆಕ್ಕ. ಕೇಹಿನ್‌ನಲ್ಲಿ ತೂತಿನ ಅಗಲ, 100 ಅಂದರೆ 1 ಮಿಲಿಮೀಟರ್. ಹಾಗಾಗಿ 100ರಿಂದ 105ಕ್ಕೆ ಹೋದರೆ ಮಿಕುನಿಯಲ್ಲಿ 5 ಶೇಕಡಾ ಜಾಸ್ತಿ, ಕೇಹಿನ್‌ನಲ್ಲಿ ತೂತಿನ ವಿಸ್ತೀರ್ಣವೇ 10 ಶೇಕಡಾ ಜಾಸ್ತಿ. ಒಂದು ಕಂಪನಿಯ ಜೆಟ್ ಇನ್ನೊಂದಕ್ಕೆ ಹೋಲಿಸಬೇಡಿ. ಹೆಸರಿಲ್ಲದ ಜೆಟ್‌ಗಳ ಮೇಲಿನ ನಂಬರ್ ಸುಮ್ನೆ ಅಲಂಕಾರ. ಒಂದು ಸೈಜ್ ಏರಿಸಿ, ಓಡಿಸಿ, ಪ್ಲಗ್ ನೋಡಿ, ಆಮೇಲೆ ಮುಂದಿನದು.

ಗುಡುಗುಡು98

ನೀಡಲ್ ಒಂದು ಗೆರೆ ಏರಿಸಿದ ಮೇಲೆ ಮಂಕು ಹೋಯಿತು. ಪ್ಲಗ್ ತಿಳಿ ಬೂದು. ಮೇನ್ ಜೆಟ್ ಕಂಪನಿಯದ್ದೇ ಇದೆ. ಕಾಕಾ, ಅಕ್ಕ, ಪಂಪು, ಎಲ್ಲರಿಗೂ ದೊಡ್ಡ ನಮಸ್ಕಾರ. ಚಿಕ್ಕಮಗಳೂರಿಗೆ ಬಂದರೆ ಕಾಫಿ ನನ್ನದು.

ಘಾಟಿಸವಾರ

ಅದಿರಲಿ, ನನ್ನ ಪಲ್ಸರ್ ಕಥೆ? 2009ರ 150. ಮೊದಲೆಲ್ಲ ನೂರು ಮುಟ್ಟುತ್ತಿತ್ತು. ಈಗ ಎಷ್ಟು ತಿರುಗಿಸಿದರೂ ಅರವತ್ತರ ಮೇಲೆ ಹೋಗಲ್ಲ. ಐಡ್ಲಿಂಗ್ ಪರವಾಗಿಲ್ಲ. ಸ್ಕ್ರೂ ಎಲ್ಲಿಟ್ಟರೂ ಅಷ್ಟೇ.

ಸ್ಪ್ಯಾನರ್‌ಅಕ್ಕ

ನಿಮ್ಮದು ಸಿವಿ ಕಾರ್ಬೊರೇಟರ್. ಆಕ್ಸಿಲರೇಟರ್ ಕೇಬಲ್ ಎಳೆಯುವುದು ಚಿಟ್ಟೆ ಬಾಗಿಲನ್ನು ಮಾತ್ರ, ಸ್ಲೈಡನ್ನಲ್ಲ. ಸ್ಲೈಡ್ ಏರುವುದು ಇಂಜಿನ್ ಎಳೆತದಿಂದ, ಮೇಲಿನ ರಬ್ಬರ್ ಡಯಾಫ್ರಮ್ ಸಹಾಯದಿಂದ. ಅದು ಹರಿದಿದ್ದರೆ ಸ್ಲೈಡ್ ಪೂರ್ತಿ ಏರುವುದೇ ಇಲ್ಲ. ಮೇಲಿನ ಮುಚ್ಚಳ ಬಿಚ್ಚಿ, ಡಯಾಫ್ರಮ್ಮನ್ನು ಬೆಳಕಿಗೆ ಹಿಡಿದು ಮೆತ್ತಗೆ ಅಗಲಿಸಿ ನೋಡಿ, ಮಡಿಕೆ ಇರುವ ಕಡೆ ಸೂಜಿಮೊನೆಯಷ್ಟು ತೂತಿದ್ದರೂ ಸಾಕು. ಅದಕ್ಕೆ ಕಾರ್ಬ್ ಕ್ಲೀನರ್ ಮಾತ್ರ ತಾಗಿಸಬೇಡಿ, ರಬ್ಬರ್ ಉಬ್ಬುತ್ತದೆ. ವಾಪಸ್ ಕೂರಿಸುವಾಗ ಅಂಚು ತೋಡಿನಲ್ಲಿ ಸುತ್ತಲೂ ಕೂತಿದೆಯಾ ನೋಡಿ, ಆಮೇಲೆ ಮುಚ್ಚಳ.

ಘಾಟಿಸವಾರ

ತೂತಲ್ಲ ಅಕ್ಕಾ, ಅರ್ಧ ಇಂಚು ಹರಿದಿದೆ. ಅಂಟು ಹಾಕಬಹುದಾ?

ಕಿಕ್ಕರ್‌ಕಾಕಾ (ಹುಬ್ಬಳ್ಳಿ)

ಪೆಟ್ರೋಲ್ ಆವಿಗೆ ಅಂಟು ನಿಲ್ಲಲ್ರೀ. ಹೊಸದು ತಗೊಳ್ರಿ, ಸ್ಲೈಡ್ ಜೊತೆಗೇ ಬರುತ್ತದೆ. ಹಳೇ ನೀಡಲ್ ಮತ್ತು ಸ್ಪ್ರಿಂಗ್ ಎಸೆಯಬೇಡಿ, ಹೊಸದಕ್ಕೆ ಅವನ್ನೇ ಹಾಕಬೇಕು.